ಅಲ್ಲಾಡಿಸಿ ನೋಡುವ ಊರಿನಲ್ಲಿ ತೋಟೆ ತುಂಬಿದ್ದು

ನಮ್ಮ ಕಡೆಯವರ ಕೈಗೆ ಏನು ಕೊಟ್ಟರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ತಿಪಟೂರು ಸೀಮೆಯಲ್ಲಿ ಹುಟ್ಟಿದವರಿಗೆ ಇದು ಎದೆಹಾಲಿನ ಜೊತೆ ಬಂದ ಗುಣ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡಿತೋ ಇಲ್ಲವೋ ತಿಳಿಯಲು ಇರುವುದು ಒಂದೇ ದಾರಿ, ಅಲ್ಲಾಡಿಸುವುದು. ಲೊಟಲೊಟ ಅಂದರೆ ಉಂಡೆ ಕೊಬ್ಬರಿ ಆಯಿತು. ಸುಮ್ಮನಿದ್ದರೆ ಇನ್ನೂ ಹಸಿ, ಮತ್ತೆ ಅಟ್ಟಕ್ಕೆ.

ನಾನು ತಿಪಟೂರಿನ ಒಂದು ಬಂದೂಕಿನ ಅಂಗಡಿಯಲ್ಲಿ ತೋಟೆ ತುಂಬುವ ಕೆಲಸ ಮಾಡಿದವನು. ಹೊಡೆದು ಬಿಸಾಡಿದ ಹಿತ್ತಾಳೆಯ ಚಿಪ್ಪಿಗೆ ಕಿಡಿ ಹುಟ್ಟಿಸುವ ಹೊಸ ಕೇಪು, ಮದ್ದು, ಮದ್ದನ್ನು ಒತ್ತಿ ಹಿಡಿಯುವ ಬಿಲ್ಲೆ, ಅದರ ಮೇಲೆ ಸೀಸದ ಚರೆ ಹಾಕಿ ಮತ್ತೆ ಹೊಡೆಯುವ ಹಾಗೆ ಮಾಡುವುದು ನನ್ನ ಕಸುಬು. ಇಲ್ಲಿ ನ್ಯಾಯ ತಿರುಗುಮುರುಗು. ಚರೆಯ ತೋಟೆ ಅಲ್ಲಾಡಿಸಿದಾಗ ಸದ್ದು ಮಾಡಿದರೆ ಅದು ಕೆಟ್ಟದ್ದು, ಒಳಗಿನ ಬಿಲ್ಲೆ ಸಡಿಲವಾಗಿದೆ ಎಂದರ್ಥ. ಮೂಕನ ಹಾಗೆ ಕೂತಿದ್ದರೆ ಒಳ್ಳೆಯದು. ಎಪ್ಪತ್ತರ ದಶಕದ ಆರಂಭದಿಂದ ಎಂಬತ್ತರ ದಶಕ ಮುಗಿಯುವವರೆಗೂ ಈ ಒಂದು ಮಾತನ್ನು ತೆಂಗು ಬೆಳೆಯುವ ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಈಚೆಗೆ ಯಾವುದೋ ರೈಫಲ್ ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿದ ಇಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಯಾವ ಚಿಪ್ಪಿಗೆ ಎಷ್ಟು ಮದ್ದು ಹಾಕುತ್ತಿದ್ದಿರಿ ಎಂದು ಕೇಳಿದರು. ಅದನ್ನು ಪುಸ್ತಕ ನೋಡಿ, ಲೈಸೆನ್ಸ್ ಇರುವ ಗುರುಗಳ ಕೈ ಕೆಳಗೆ ಕಲಿಯಿರಿ ಎಂದು ಕಳಿಸಿದೆ. ಅವರು ಹೋದ ಮೇಲೆ ಅನ್ನಿಸಿತು, ಪುಸ್ತಕದಲ್ಲಿ ಇಲ್ಲದ್ದನ್ನಾದರೂ ಬರೆದಿಡೋಣ ಅಂತ. ಅದಕ್ಕೆ ಇದು.

ಅಂಗಡಿಯ ಯಜಮಾನರು ಖಾದರ್ ಸಾಹೇಬರು. ಅವರ ತಂದೆಯ ಕಾಲದಿಂದ ಲೈಸೆನ್ಸ್ ಇದ್ದ ಅಂಗಡಿ. ಸಾಹೇಬರು ಸಿಟ್ಟು ಬಂದರೆ ಉರ್ದು, ಪ್ರೀತಿ ಬಂದರೆ ಕನ್ನಡ ಆಡುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ಕನ್ನಡ ಕೇಳಿದ್ದು ಬಹಳ ಕಡಿಮೆ. ಅವರು ಕಲಿಸಿದ ನಿಯಮಗಳು ಮೂರ್ನಾಲ್ಕು ಅಷ್ಟೇ. ಮದ್ದಿನ ಕೋಣೆಗೆ ಹೊರಗಿನವರು ಕಾಲಿಡಕೂಡದು. ತುಂಬುವಾಗ ಮಾತಾಡಕೂಡದು. ಮದ್ದು ಹಾಕಿದ ಚಿಪ್ಪುಗಳನ್ನು ತೂತಿನ ಹಲಗೆಯಲ್ಲಿ ನಿಲ್ಲಿಸಿ, ಎದ್ದು ಹೋಗಬೇಕಾದರೆ ಮರದ ಮುಚ್ಚಳ ಮುಚ್ಚಿಯೇ ಹೋಗಬೇಕು. ಕಡೆಯದು, ಅನುಮಾನ ಬಂದ ತೋಟೆ ಅಂಗಡಿಯ ಹೊಸಿಲು ದಾಟಕೂಡದು. ಈ ಕಡೆಯ ನಿಯಮವನ್ನು ಹೇಳುವಾಗ ಮಾತ್ರ ಅವರ ದನಿ ಇಳಿಯುತ್ತಿತ್ತು.

ಆ ಹೊತ್ತಿಗೆ ಬೇಟೆ ನಿಂತುಹೋಗಿತ್ತು. ನಮ್ಮ ಗಿರಾಕಿಗಳೆಲ್ಲ ಬೆಳೆ ಕಾಯುವವರು. ಹೊಲಕ್ಕೆ ನುಗ್ಗುವ ಹಂದಿಯನ್ನು, ಎಳೆಗಾಯಿ ಉದುರಿಸುವ ಕೋತಿಯನ್ನು ಹೆದರಿಸಲು ಒಂದು ಈಡು ಹೊಡೆದರೆ ಅವರಿಗೆ ಸಾಕು. ಕಂದಿಕೆರೆ ಕಡೆಯಿಂದ ಬರುತ್ತಿದ್ದ ಸಿದ್ದಪ್ಪ ಎಂಬ ರೈತರು ತೋಟೆಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು, ಸದ್ದು ಮಾಡದ್ದನ್ನೆಲ್ಲ ನನ್ನ ಕಡೆ ತಳ್ಳುತ್ತಿದ್ದರು. ಇವು ಇನ್ನೂ ಹಸಿ, ಬೇರೆ ಕೊಡು ಎನ್ನುವರು. ಒಂದು ದಿನ ನಾನು ಸಡಿಲವಾಗಿ ಸದ್ದು ಮಾಡುತ್ತಿದ್ದ ಒಂದನ್ನು ಅವರ ಎದುರಿಗೇ ಬಿಚ್ಚಿ, ಚರೆಯೂ ಮದ್ದೂ ಒಂದರೊಳಗೊಂದು ಬೆರೆತು ಹೋದದ್ದನ್ನು ತೋರಿಸಿದೆ. ಅವರು ನೋಡಿದರು, ತಲೆ ಆಡಿಸಿದರು, ಅರ್ಥವಾಯಿತು ಎಂದರು. ಮುಂದಿನ ಸಲ ಬಂದಾಗ ಮತ್ತೆ ಕಿವಿಗೇ ಹಿಡಿದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಮ್ಮನೆ ಅಲ್ಲ.

ಇನ್ನು ಕೆಲವರದು ಬೇರೆ ಜಾಣತನ. ನಳಿಗೆಯ ಬಾಯಿಂದಲೇ ಮದ್ದು ತುಂಬುವ ಕೇಪಿನ ಕೋವಿ ಮನೆಯಲ್ಲಿ ಇದ್ದವರು ಮದ್ದಿನ ಮೇಲೆ ತುರುಕಲು ಹಳೆಯ ಬಟ್ಟೆಯ ಬದಲು ತೆಂಗಿನ ನಾರು ಹಾಕತೊಡಗಿದರು. ಮನೆಯ ಸುತ್ತ ಬಿದ್ದಿರುವ ಮಾಲು, ದುಡ್ಡಿಲ್ಲ ಕಾಸಿಲ್ಲ. ಆದರೆ ನಾರು ಕಿಡಿಯನ್ನು ಹಿಡಿದರೆ ಬಿಡುವ ಜಾತಿಯಲ್ಲ, ಬೂದಿಯ ಒಳಗೆ ಕೆಂಡ ಇಟ್ಟುಕೊಂಡು ಕೂರುತ್ತದೆ. ಒಬ್ಬರು ಅಂಗಳದಲ್ಲಿ ನಿಂತು ಮಾಡಿನ ಮೇಲಿದ್ದ ಕೋತಿಗೆ ಹೊಡೆದರು. ಕೋತಿ ಹೋಯಿತು, ನಾರಿನ ಉಂಡೆ ಹೆಂಚಿನ ಸಂದಿಯಿಂದ ಅಟ್ಟಕ್ಕೆ ಇಳಿಯಿತು. ಸುಟ್ಟ ವಾಸನೆ ಬಂದಾಗ ಅಡುಗೆಮನೆಯದು ಅಂದುಕೊಂಡರಂತೆ. ಇಡೀ ವರ್ಷದ ಕೊಬ್ಬರಿ ಹೊಗೆ ಹಿಡಿದು ಕಪ್ಪಾದ ಮೇಲೆ ನಮ್ಮ ಅಂಗಡಿಗೆ ಬಂದು, ನಿಮ್ಮ ಮದ್ದಿನ ದೋಷ ಎಂದು ಜಗಳ ತೆಗೆದರು. ಅವತ್ತು ಸಾಹೇಬರು ಉರ್ದುವನ್ನೂ ಆಡಲಿಲ್ಲ, ಕನ್ನಡವನ್ನೂ ಆಡಲಿಲ್ಲ. ಒಂದು ಬೊಗಸೆ ನಾರಿಗೆ ಕಡ್ಡಿ ಗೀರಿ ಆರಿಸಿ, ಅವರ ಮುಂದೆ ಇಟ್ಟು, ಚಹಾ ತರಿಸಿದರು. ಚಹಾ ಮುಗಿಯುವ ಹೊತ್ತಿಗೆ ನಾರು ತಾನಾಗಿ ಮತ್ತೆ ಹೊಗೆಯಾಡುತ್ತಿತ್ತು. ಜಗಳಕ್ಕೆ ಬಂದವರು ಎದ್ದು ಹೋದರು.

ಇಂಥವು ಇನ್ನೂ ಎಷ್ಟೋ ಇವೆ. ಆದರೆ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಲೇಬೇಕಾದದ್ದು ಸುಬೇದಾರ್ ಪುಟ್ಟೇಗೌಡರ ರೈಫಲಿನ ವಿಷಯ.

ಪುಟ್ಟೇಗೌಡರು ತುರುವೇಕೆರೆ ಕಡೆಯವರು. ಸೇನೆಯಿಂದ ನಿವೃತ್ತರಾಗಿ ಬಂದು ತೆಂಗು ನೋಡಿಕೊಂಡಿದ್ದರು. ಅವರ ಹತ್ತಿರ ಹಳೆಯ ಕಾಲದ ಒಂದು ಸೆಮಿ ಆಟೋಮ್ಯಾಟಿಕ್ ರೈಫಲ್ ಇತ್ತು. ಒಂದು ಗುಂಡು ಹಾರಿಸಿದ ಕೂಡಲೆ ಖಾಲಿ ಚಿಪ್ಪನ್ನು ತಾನೇ ಉಗುಳಿ, ಮುಂದಿನ ತೋಟೆಯನ್ನು ತಾನೇ ಏರಿಸಿಕೊಳ್ಳುವ ಯಂತ್ರ. ಅಂಥದ್ದಕ್ಕೆ ಅನುಮತಿ ಸಿಗುವುದು ಬಹಳ ಅಪರೂಪ, ಅವರಿಗೆ ವಿಶೇಷ ಲೈಸೆನ್ಸ್ ಇತ್ತು. ಹೊರದೇಶದಿಂದ ಅದರ ತೋಟೆ ಬರುವುದು ನಿಂತು ಹೋಗಿತ್ತು. ಹಾಗಾಗಿ ತಮ್ಮ ಖಾಲಿ ಚಿಪ್ಪುಗಳನ್ನು ಬಟ್ಟೆಯ ಚೀಲದಲ್ಲಿ ತಂದು ನಮ್ಮಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು. ಕಾಗದಪತ್ರ ಎಲ್ಲ ಸರಿಯಾಗಿತ್ತು.

ಚರೆಯ ತೋಟೆಗೂ ಇದಕ್ಕೂ ಅಜಗಜಾಂತರ. ಒಂದೇ ಗುಂಡಿನ ಹಳೆಯ ಬಂದೂಕು ಸಾಧು ಎತ್ತಿನ ಹಾಗೆ, ಸ್ವಲ್ಪ ಹೆಚ್ಚು ಕಡಿಮೆ ಆದರೂ ತಡೆದುಕೊಳ್ಳುತ್ತದೆ. ಈ ರೈಫಲಿಗೆ ಎಲ್ಲ ತೋಟೆಯೂ ಒಂದೇ ಸಮ ಇರಬೇಕು. ಮದ್ದು ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು, ಹಿಂದಿನಿಂದ ಇನ್ನೊಂದು ಬಂದರೆ ನಳಿಗೆ ಸೀಳುತ್ತದೆ. ಹೆಚ್ಚಾದರೆ ಹಿಂದಿನ ಕೀಲು ಒಡೆದು ಹೊಡೆಯುವವನ ಮುಖಕ್ಕೇ ಬರುತ್ತದೆ. ಗುರಿ ಹಿಡಿಯುವವನ ಕೆನ್ನೆ ಅದರ ಮೇಲೇ ಒರಗಿರುತ್ತದಲ್ಲ. ಸುಬೇದಾರರ ಚೀಲ ಬಂದ ದಿನ ನಾನು ಬೆಳಗಿನಿಂದಲೇ ಬೇರೆ ಕೆಲಸ ಹಿಡಿಯುತ್ತಿರಲಿಲ್ಲ.

ಅವರು ಸೇನೆಯಲ್ಲಿ ಇದ್ದಷ್ಟು ಕಾಲವೂ ಹುಡುಗರಿಗೆ ಗುರಿ ಹೊಡೆಯುವುದನ್ನು ಕಲಿಸಿದವರು. ಅವರ ಕೈಯಲ್ಲಿ ಕಲಿತವರು ಪದಕ ಹಾಕಿಕೊಂಡು ಓಡಾಡಿದರು, ಅವರ ಸ್ವಂತ ಹೆಸರಿಗೆ ಒಂದೂ ಇರಲಿಲ್ಲ. ಬೆಂಗಳೂರಿನಲ್ಲಿ ಮಾಜಿ ಸೈನಿಕರಿಗೆ ಗುರಿ ಪಂದ್ಯ ನಡೆಯುತ್ತಿತ್ತು. ಅದರಲ್ಲಿ ಒಂದು ಸಲ ಗೆಲ್ಲಬೇಕು ಎಂಬುದು ಅವರ ಆಸೆ. ಆ ವರ್ಷ ಬಲಗಣ್ಣಿಗೆ ಪೊರೆ ಬರತೊಡಗಿತ್ತು. ಈಗಿನ ಹಾಗೆ ಕಣ್ಣಿನ ಆಪರೇಷನ್ ಆದ ಮೂರನೇ ದಿನಕ್ಕೆ ಪೇಪರು ಓದುವ ಕಾಲವಲ್ಲ ಅದು. ಖಾಲಿ ಚಿಪ್ಪಿನ ಚೀಲವನ್ನು ನನ್ನ ಕೈಗೆ ಕೊಡುತ್ತಾ ಅವರು ಮೆಲ್ಲಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ.

"ಬಸಣ್ಣ, ಈ ಸಲ ಕಾಣುಸ್ತದೆ. ಬರೋ ವರ್ಷಕ್ಕೆ ಗುರಿಹಲಗೆ ಎಲ್ಲೈತೆ ಅಂತ ಬೇರೆಯೋರ್ನ ಕೇಳ್ಬೇಕಾಗ್ತದೆ ಕಣಪ್ಪ."

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ನಾನು ತುಂಬಲು ಕೂತೆ. ಮರುದಿನ ಬೆಳಗಿನ ರೈಲಿಗೆ ಅವರು ಹೊರಡಬೇಕು. ಚಿಪ್ಪಿನ ಬಾಯಿಗೆ ಒತ್ತುವ ಬಿಡಿ ಗುಂಡುಗಳು ಬಂದು ಸೇರುವುದೇ ತಡವಾಗಿದ್ದರಿಂದ ಕಡೆಯ ದಿನಕ್ಕೆ ಬಂದು ನಿಂತಿತ್ತು. ಬಂದದ್ದೂ ಆ ಪಂದ್ಯಕ್ಕೆ ಸಾಕಾಗುವಷ್ಟೇ, ಒಂದೂ ಮಿಗುವ ಹಾಗಿರಲಿಲ್ಲ. ಪ್ರತಿ ಚಿಪ್ಪಿಗೂ ಮದ್ದು ತೂಗಿ ಹಾಕಿ, ಹಲಗೆಯ ತೂತುಗಳಲ್ಲಿ ಸಾಲಾಗಿ ನಿಲ್ಲಿಸಿ, ದೀಪ ಹಿಡಿದು ಒಂದೊಂದರ ಒಳಗೂ ನೋಡಿದೆ. ಅಷ್ಟರಲ್ಲಿ ಸಾಹೇಬರು ಪಾರ್ಸೆಲ್ಲಿಗೆ ಸಹಿ ಹಾಕಲು ಮುಂದಕ್ಕೆ ಕರೆದರು. ಮರದ ಮುಚ್ಚಳ ಮುಚ್ಚಿ ಎದ್ದು ಹೋದೆ.

ಆ ಹೊತ್ತಿಗೆ ಸುಬೇದಾರರ ಭಾವಮೈದ, ಹಾಲ್ಕುರಿಕೆಯ ರಂಗಣ್ಣ, ಭಾವನ ತೋಟೆ ಆಯಿತೋ ಎಂದು ವಿಚಾರಿಸಲು ಬಂದ. ಕೊಬ್ಬರಿ ಮಂಡಿಯಲ್ಲಿ ರಂಗಣ್ಣನ ಕಿವಿ ಅಂದರೆ ದೊಡ್ಡ ಹೆಸರು. ರಾಶಿಯ ಮುಂದೆ ಕೂತು ಅಲ್ಲಾಡಿಸಿ, ಹಸಿ, ಒಣ, ಕೌಟು ಎಂದು ಬೇರೆ ಮಾಡಿ ಎಸೆಯುತ್ತಿದ್ದ. ಮುಂದಿನ ಬೆಂಚಿನಲ್ಲಿ ಬೇರೆ ಗಿರಾಕಿಗಳು ತುಂಬಿದ್ದರು. ದೊಡ್ಡ ಮನೆಯ ನೆಂಟರು ನಿಂತಿರುವುದನ್ನು ನೋಡಲಾರದೆ ಸಾಹೇಬರು, ಒಳಗೆ ಕೂತ್ಕೊಳ್ಳಿ ಗೌಡ್ರೇ, ಚಾಯ್ ಬರುತ್ತೆ ಎಂದು, ನಾನು ಬಾಗಿಲಾಚೆ ಪಾರ್ಸೆಲ್ಲು ಎಣಿಸುತ್ತಿದ್ದಾಗ, ನನ್ನ ಕೋಣೆಗೆ ಕಳಿಸಿಬಿಟ್ಟರು. ತಾವೇ ಹಾಕಿದ ನಿಯಮವನ್ನು ಮರ್ಯಾದೆಗೆ ಬಿದ್ದು ತಾವೇ ಮುರಿದರು. ನಾನು ವಾಪಸ್ಸು ಬಂದಾಗ ರಂಗಣ್ಣ ಸ್ಟೂಲಿನ ಮೇಲೆ ಸಾಧುವಾಗಿ ಕೂತಿದ್ದ. ಮುಚ್ಚಳ ಮುಚ್ಚಿದ ಹಾಗೇ ಇತ್ತು. ಅವನನ್ನು ಹೊರಗೆ ಕಳಿಸಿ, ಕೂತು, ಎಲ್ಲಕ್ಕೂ ಗುಂಡು ಒತ್ತಿ ಮುಗಿಸಿದೆ.

ಮುಗಿಸಿ ಹೊರಗೆ ಬಂದರೆ ರಂಗಣ್ಣ ಚಹಾ ಊದುತ್ತಾ ಹೇಳಿದ.

"ಅಣ್ಣ, ಒಂದ್ ನೋಡ್ದೆ ಕಣಣ್ಣ, ಅಲ್ಲಾಡ್ಸಿ. ಬಾಯಿ ತೆರೆದಿತ್ತು, ಒಂದ್ ಚಿಟಿಕೆ ಮದ್ದು ಹಲಗೆ ಮೇಲೆ ಚೆಲ್ತು. ಗಾಬ್ರಿ ಬೀಳ್ಬೇಡ, ಬಾಚಿ ವಾಪಸ್ ಹಾಕ್ದೆ."

ಯಾವುದಕ್ಕೆ ಹಾಕಿದೆ ಎಂದು ಕೇಳಿದೆ. ಅದಕ್ಕೇ ಇರಬೇಕು ಎಂದ. ಇರಬೇಕೋ, ಹೌದೋ ಎಂದೆ. ಅವನು ಲೋಟ ಕೆಳಗಿಟ್ಟು ಯೋಚಿಸಿದ. ಎಲ್ಲಾ ಒಂದೇ ಥರ ಇದ್ವಲ್ಲ ಎಂದ.

ಆಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಕಾಗದ ಉರಿಯುತ್ತದೆ. ಒಂದರಲ್ಲಿ ಚಿಟಿಕೆ ಕಡಿಮೆ, ಪಕ್ಕದ್ದರಲ್ಲಿ ಚಿಟಿಕೆ ಹೆಚ್ಚು ಇರಬಹುದು. ಇಲ್ಲದೆಯೂ ಇರಬಹುದು. ತೂಗಿ ನೋಡಿದರಾಗದೇ ಎಂದು ನೀವು ಕೇಳಬಹುದು. ಹಿತ್ತಾಳೆ ಚಿಪ್ಪುಗಳೇ ಒಂದೊಂದು ಒಂದೊಂದು ತೂಕ. ಅವುಗಳ ವ್ಯತ್ಯಾಸದಲ್ಲಿ ಒಂದು ಚಿಟಿಕೆ ಮದ್ದು ಎಲ್ಲೋ ಮುಳುಗಿ ಹೋಗುತ್ತದೆ. ರಂಗಣ್ಣ ತಾನೇ ಹುಡುಕಿಕೊಡುತ್ತೇನೆ ಎಂದು ಕೂತ. ರೈಫಲ್ ತೋಟೆಯಲ್ಲಿ ಮದ್ದು ಬಾಯಿಮಟ್ಟ ಇರುವುದಿಲ್ಲ, ಅಲ್ಲಾಡಿಸಿದರೆ ಮರಳಿನ ಹಾಗೆ ಸರಿದಾಡುವುದು ಕೇಳುತ್ತದೆ. ಅವನು ಕಣ್ಣು ಮುಚ್ಚಿ ಒಂದೊಂದನ್ನೂ ಕಿವಿಗೆ ಹಿಡಿದು, ಕಡೆಗೆ ಒಂದನ್ನು ಎತ್ತಿ ನನ್ನ ಮುಂದಿಟ್ಟ. "ಇದೇ. ಇದ್ರ ಮಾತು ಬೇರೆ." ಇದೊಂದನ್ನು ತೆಗೆದು ಮಿಕ್ಕದ್ದು ಕೊಟ್ಟುಬಿಡು ಎಂದ.

ನಿಜ ಹೇಳುತ್ತೇನೆ, ಒಂದು ಗಳಿಗೆ ಮನಸ್ಸು ಹೊಯ್ದಾಡಿತು. ಮಂಡಿಯಲ್ಲಿ ಆ ಕಿವಿಯನ್ನು ನಂಬಿ ಲಾರಿಗಟ್ಟಲೆ ಕೊಬ್ಬರಿ ಹೋಗುತ್ತದೆ. ಆದರೆ ಕೊಬ್ಬರಿ ಹಸಿ ಬಿದ್ದರೆ ಬೂಸಲು ಹಿಡಿಯುತ್ತದೆ, ಯಾರ ಮುಖವೂ ಹೋಗುವುದಿಲ್ಲ. ಎಲ್ಲವನ್ನೂ ಬಿಚ್ಚುತ್ತೇನೆ ಎಂದೆ.

ಬಿಚ್ಚಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಇಕ್ಕಳದಲ್ಲಿ ಕಿತ್ತ ಗುಂಡಿನ ಮೈಗೆ ಗೀರು ಬೀಳುತ್ತದೆ. ಗೀರು ಬಿದ್ದದ್ದು ಗುರಿಗೂ ಹೋಗದು, ಆ ರೈಫಲಿನ ಬಾಯಿಗೆ ಸಲೀಸಾಗಿ ಏರುವುದೂ ಇಲ್ಲ. ಹೊಸ ಗುಂಡು ತರಿಸಲು ವಾರಗಳು ಬೇಕು. ಬಿಚ್ಚುವುದು ಅಂದರೆ ಸುಬೇದಾರರ ಪಂದ್ಯವನ್ನು ನಾನೇ ಮುರಿದು ಹಾಕುವುದು.

ಸಂಜೆ ಅವರು ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ರಂಗಣ್ಣ ಕಂಬದ ಹಿಂದೆ ನಿಂತಿದ್ದ. ಸುಬೇದಾರರು ಅವನ ಕಡೆ ತಿರುಗಿಯೂ ನೋಡದೆ ನನ್ನ ಮುಂದೆ ಕೈ ಚಾಚಿದರು.

"ಕೊಡು. ಕಣ್ಣು ನಂದು, ಮುಖ ನಂದು. ಏನಾದ್ರೂ ಆದ್ರೆ ನಿನ್ನ ಕೇಳಾಕೆ ಯಾರೂ ಬರಾಕಿಲ್ಲ."

"ಮುಖ ನಿಮ್ದೇ ಸುಬೇದಾರ್ರೇ. ತುಂಬಿದ ಕೈ ನಂದು. ಕೊಡಾಕಿಲ್ಲ."

"ಮುಂದ್ಲ ವರ್ಷ ನಂಗೆ ಇಲ್ಲ ಕಣಯ್ಯ, ಗೊತ್ತೈತಲ್ಲ."

ಗೊತ್ತಿತ್ತು. ಆ ಮನುಷ್ಯ ಯಾರ ಮುಂದೆಯೂ ಕೈ ಚಾಚಿದವರಲ್ಲ. ನಾನು ಇಕ್ಕಳ ತೆಗೆದುಕೊಂಡು ಅವರ ಎದುರಿಗೇ ಮೊದಲನೆಯದರ ಗುಂಡು ಕಿತ್ತೆ. ಆಮೇಲೆ ಎರಡನೆಯದು. ಅವರು ಮೂರನೆಯದನ್ನು ನೋಡಲು ನಿಲ್ಲಲಿಲ್ಲ. ಬೂಟಿನ ಸದ್ದು ಬೀದಿಯ ತಿರುವಿನವರೆಗೂ ಕೇಳುತ್ತಿತ್ತು.

ಎಲ್ಲ ಬಿಚ್ಚಿ, ಒಂದೊಂದರ ಮದ್ದನ್ನೂ ತಕ್ಕಡಿಗೆ ಹಾಕಿದೆವು. ಸಾಹೇಬರು ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ಕೂತಿದ್ದರು. ಎಲ್ಲವೂ ಸಮ. ರಂಗಣ್ಣ ಆರಿಸಿಕೊಟ್ಟದ್ದೂ ಸಮ. ಅವನು ಚೆಲ್ಲಿದ್ದನ್ನು ಅದೇ ಚಿಪ್ಪಿಗೇ ಹಾಕಿದ್ದ. ಯಾವುದರಲ್ಲೂ ಒಂದು ಕಾಳಿನಷ್ಟೂ ತಪ್ಪಿರಲಿಲ್ಲ.

ತಪ್ಪು ಸಿಕ್ಕಿದ್ದರೆ ನಾನು ಗೆದ್ದವನು. ಸಿಗಲಿಲ್ಲ, ವಯಸ್ಸಾದ ಒಬ್ಬರ ಕಡೆಯ ಆಸೆಯನ್ನು ಸುಮ್ಮಸುಮ್ಮನೆ ಮುರಿದವನಾದೆ. ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು ಬಹಳ ಪ್ರೀತಿಯ ಕನ್ನಡದಲ್ಲಿ ಹೇಳಿದರು, ಒಂದರಲ್ಲಿ ಹೆಚ್ಚಿತ್ತು ಅಂತ ಹೇಳಿಬಿಡು ಬೇಟಾ, ಅವರಿಗೂ ಸಮಾಧಾನ, ನಿನಗೂ ಹೆಸರು. ಹಾವೂ ಸಾಯದು, ಕೋಲೂ ಮುರಿಯದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಇಲ್ಲದ ತಪ್ಪನ್ನು ಇದೆ ಎಂದವನು ನಾಳೆ ಇರುವ ತಪ್ಪನ್ನು ಇಲ್ಲ ಎನ್ನುತ್ತಾನೆ. ಈ ಕಸುಬಿನಲ್ಲಿ ನಾಲಗೆಯೂ ಒಂದು ತಕ್ಕಡಿಯೇ. ನಾನು ಒಪ್ಪಲಿಲ್ಲ. ರಾತ್ರಿ ಮನೆಯಲ್ಲಿ ನನ್ನ ಹೆಂಡತಿಯೂ ಕೇಳಿದಳು, ಅಷ್ಟು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು.

ಮರುದಿನ ಬಸ್ಸು ಹಿಡಿದು ಸುಬೇದಾರರ ಊರಿಗೆ ಹೋದೆ. ಅವರು ಕೊಟ್ಟಿಗೆಯ ಹತ್ತಿರ ಎತ್ತಿಗೆ ನೀರು ಕುಡಿಸುತ್ತಿದ್ದರು. ಯಾವುದರಲ್ಲೂ ತಪ್ಪಿರಲಿಲ್ಲ ಎಂದು ಹೇಳಿದೆ. ಅವರು ಬಕೆಟ್ ಕೆಳಗಿಡಲಿಲ್ಲ. ಎತ್ತು ಕುಡಿದು ಮುಗಿಸುವವರೆಗೂ ಹಿಡಿದೇ ನಿಂತಿದ್ದರು. ಆಮೇಲೆ ಸರಿ, ಹೋಗು ಎಂದರು. ಅವರ ಹೆಂಡತಿ ನನಗೆಂದು ಮಜ್ಜಿಗೆ ತಂದಿದ್ದರು. ಗಂಡನ ಮುಖ ನೋಡಿ ಬಾಗಿಲಲ್ಲೇ ನಿಂತರು. ನಾನು ಕುಡಿಯದೆ ಬಂದೆ.

ಆಮೇಲೆ ತಿಂಗಳುಗಟ್ಟಲೆ ಅವರು ನಮ್ಮ ಅಂಗಡಿಯ ಕಡೆ ಬರಲಿಲ್ಲ. ಸಂತೆಗೆ ಬಂದರೂ ಆಚೆ ಬದಿಯಲ್ಲಿ ನಡೆದು ಹೋಗುತ್ತಿದ್ದರು. ಈ ನಡುವೆ ಕಾಲವೂ ಬದಲಾಗುತ್ತಿತ್ತು. ಫ್ಯಾಕ್ಟರಿಯಲ್ಲಿ ಮಾಡಿದ ಪ್ಲಾಸ್ಟಿಕ್ ತೋಟೆಗಳು ಬರತೊಡಗಿದ್ದವು. ಬಣ್ಣಬಣ್ಣದವು, ಹಗುರ, ಎಲ್ಲವೂ ಒಂದೇ ಅಳತೆ. ಹಿತ್ತಾಳೆ ಚಿಪ್ಪು ತಂದು ತುಂಬಿಸಿಕೊಳ್ಳುವವರು ಕಡಿಮೆಯಾದರು. ಕಂದಿಕೆರೆಯ ಸಿದ್ದಪ್ಪನವರು ಕೆಂಪು ಪ್ಲಾಸ್ಟಿಕ್ಕಿನದನ್ನೂ ಕಿವಿಗೆ ಹಿಡಿದು, ಇದೂ ಹಸಿ ಎಂದರು. ನಾನು ನಗಲೂ ಇಲ್ಲ, ತಿದ್ದಲೂ ಇಲ್ಲ. ಕೆಲಸದಲ್ಲಿ ರುಚಿ ಹೋಗಿತ್ತು. ಆದರೂ ತುಂಬಲು ಬಂದ ಪ್ರತಿಯೊಂದನ್ನೂ ಮೊದಲಿನ ಹಾಗೇ ತುಂಬಿದೆ. ನನ್ನ ಕೋಣೆಯ ಬಾಗಿಲಿಗೆ ಒಳಗೆ ಚಿಲಕ, ಹೊರಗೆ ಬೀಗ ಹಾಕಿಸಿದೆ, ಬೀಗದ ಕೈಯನ್ನು ಸಾಹೇಬರಿಗೂ ಕೊಡಲಿಲ್ಲ. ಅವರು ಕೇಳಲೂ ಇಲ್ಲ.

ಮುಂದಿನ ವರ್ಷ ಪಂದ್ಯದ ದಿನಗಳು ಹತ್ತಿರ ಬಂದಾಗ, ಒಂದು ಬೆಳಿಗ್ಗೆ ಸುಬೇದಾರರು ಬಂದು ಬಟ್ಟೆಯ ಚೀಲವನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟರು. ರಂಗಣ್ಣ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಸುಬೇದಾರರ ಬಲಗಣ್ಣು ಬೆಳ್ಳಗೆ ಮಂಜಾಗಿತ್ತು. ಎಡಗೆನ್ನೆಯ ಮೂಳೆಯ ಮೇಲೆ ಚರ್ಮ ಗಟ್ಟಿಯಾಗಿ ಕಪ್ಪುಗಟ್ಟಿತ್ತು. ನನಗೆ ಮೊದಲು ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು. ಆ ಇಡೀ ವರ್ಷ ಅವರು ಖಾಲಿ ರೈಫಲನ್ನು ಎಡಗೆನ್ನೆಗೆ ಒತ್ತಿ, ಎಡಗಣ್ಣಿನಲ್ಲಿ ಗುರಿ ಹಿಡಿಯುವುದನ್ನು ಹೊಸದಾಗಿ ಕಲಿತಿದ್ದರು. ರಂಗಣ್ಣ ಆಮೇಲೆ ಹೇಳಿದ ಹಾಗೆ, ಮನೆಯ ಹಿಂದಿನ ತೆಂಗಿನ ಮರಕ್ಕೆ ಸುಣ್ಣದ ಚುಕ್ಕೆ ಇಟ್ಟುಕೊಂಡು, ದಿನಾ ಬೆಳಿಗ್ಗೆ, ಆ ವಯಸ್ಸಿನಲ್ಲಿ.

ಬಲದ ಕೈಯವರಿಗೆಂದು ಮಾಡಿದ ಆ ರೈಫಲು ಚಿಪ್ಪನ್ನು ಬಲಗಡೆಗೆ ಉಗುಳುತ್ತದೆ. ಎಡಗೆನ್ನೆಗೆ ಹಿಡಿದರೆ ಚಿಪ್ಪು ಉಗುಳುವ ಆ ಬಾಯಿ ಹೊಡೆಯುವವನ ಮೂಗಿನ ಮುಂದೆಯೇ ಬರುತ್ತದೆ. ಒಂದು ತೋಟೆ ಕೆಟ್ಟರೆ ಉಳಿದಿರುವ ಒಂದು ಕಣ್ಣೂ ಹೋಗುತ್ತದೆ. ಅದು ನನಗೆ ಗೊತ್ತಿರುವಷ್ಟೇ ಅವರಿಗೂ ಗೊತ್ತಿತ್ತು.

"ಅವತ್ತು ಒಂದ್ರಲ್ಲೂ ತಪ್ಪಿರ್ಲಿಲ್ಲ ಅಂದಲ್ಲ," ಎಂದರು.

"ಇರ್ಲಿಲ್ಲ."

"ಇವತ್ತು ಅಂಗೇ ಅನುಮಾನ ಬಂದ್ರೆ?"

"ಮತ್ತೆ ಬಿಚ್ತೀನಿ. ಒಂದೂ ಕೊಡಾಕಿಲ್ಲ."

ಅವರು ಚೀಲವನ್ನು ನನ್ನ ಕಡೆ ಸರಿಸಿದರು.

"ಹಂಗಾರೆ ತುಂಬ್ಕೊಡು. ಬೇರೆಯೋರ್ ಕೈಲಿ ತುಂಬ್ಸಾಕೆ ನಂಗೆ ಇರೋದೊಂದೇ ಕಣ್ಣು."

ನಾನು ಚೀಲವನ್ನು ಕೈಗೆ ತೆಗೆದುಕೊಂಡೆ. ಸಾಹೇಬರು ಚಹಾಕ್ಕೆ ಹೇಳಿಕಳಿಸಿದರು. ನಾನು ಒಳಗಿನ ಸ್ಟೂಲನ್ನು ಎತ್ತಿ ತಂದು ಬೀದಿಯ ಬದಿಯಲ್ಲಿ ಹಾಕಿ, ರಂಗಣ್ಣನನ್ನು ಅದರ ಮೇಲೆ ಕೂರಿಸಿದೆ. ಆಮೇಲೆ ಒಳಗೆ ಹೋಗಿ ಚಿಲಕ ಹಾಕಿಕೊಂಡು ಕೆಲಸಕ್ಕೆ ಕೂತೆ.